ಚರ್ಮದ ಹುಣ್ಣುಗಳೂ ಗೃಹಸ್ಥರ ಉದಾಸೀನವೂ

ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಯಾವತ್ತೂ ಮಂದಿ ಎಚ್ಚರಗೊಳ್ಳುವರು. ಹಣೆ ಮುಟ್ಟಿ ನೋಡುವರು, ಗಂಜಿ ಕಾಯಿಸುವರು, ವೈದ್ಯರಲ್ಲಿಗೆ ಹೊರಡುವರು. ಅದೇ ಮನೆಯ ಮಗುವಿನ ಮೊಣಕಾಲಿನಲ್ಲಿ ನಾಲ್ಕು ಹುಣ್ಣುಗಳೆದ್ದು ಕೀವು ತುಂಬಿದರೆ, “ಮಣ್ಣಿನಲ್ಲಿ ಆಡುವ ಹುಡುಗ, ಮೇಷ್ಟ್ರೇ, ತಾನಾಗಿಯೇ ಒಣಗುತ್ತದೆ ಬಿಡಿ” ಎಂಬ ಉತ್ತರ ಬರುವುದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಪಾಠ ಹೇಳಿದ ನಮಗೆ ಈ ಉತ್ತರವು ಬಾಯಿಪಾಠವಾಗಿಹೋಗಿದೆ. ಚರ್ಮದ ಬೇನೆಯನ್ನು ಬೇನೆಯೆಂದೇ ಎಣಿಸದಿರುವುದು ನಮ್ಮ ಸೀಮೆಯ ಹಳೆಯ ವಾಡಿಕೆ. ಇದರಿಂದ ಎಷ್ಟು ಕೇಡುಂಟಾಗುವುದೆಂಬುದನ್ನು, ವೈದ್ಯರಲ್ಲದ ನಾವು ವೈದ್ಯರಿಂದ ಕೇಳಿ, ಓದಿ, ಕಣ್ಣಾರೆ ಕಂಡು ತಿಳಿದಷ್ಟರ ಮಟ್ಟಿಗೆ ವಾಚಕರ ಮುಂದಿಡುವೆವು.

ಚಿತ್ರದುರ್ಗದವರಿಗೆ ಈ ವಿಷಯವನ್ನು ತಿಳಿಸುವುದು ಸುಲಭ. ನಮ್ಮ ಏಳು ಸುತ್ತಿನ ಕೋಟೆಯನ್ನು ಹೈದರನ ದಂಡು ಹೆಬ್ಬಾಗಿಲಿನಿಂದ ಮುರಿಯಲಾರದೆ, ಬಂಡೆಗಳ ನಡುವಣ ಒಂದು ಕಿಂಡಿಯಲ್ಲಿ ಒಬ್ಬೊಬ್ಬನಾಗಿ ನುಸುಳಲು ಹೊಂಚಿದ ಕಥೆಯನ್ನು ಇಲ್ಲಿನ ಮಕ್ಕಳೆಲ್ಲರೂ ಬಲ್ಲರು. ದೇಹಕ್ಕೆ ಚರ್ಮವೇ ಕೋಟೆ. ಅದು ಅಖಂಡವಾಗಿರುವವರೆಗೆ ಹೊರಗಿನ ಸೂಕ್ಷ್ಮಜೀವಿಗಳಿಗೆ ಒಳಗೆ ಪ್ರವೇಶವಿಲ್ಲ. ಒಂದು ಮುಳ್ಳು ಚುಚ್ಚಿದ ಗಾಯ, ಒಂದು ಸೊಳ್ಳೆ ಕಡಿದು ಕೆರೆದ ಜಾಗ, ಹಿಮ್ಮಡಿಯ ಒಂದು ಬಿರುಕು, ಕ್ಷೌರದ ಕತ್ತಿ ತಗುಲಿದ ಒಂದು ಗೀರು, ಇಷ್ಟು ಕಿಂಡಿ ಸಾಕು. ಒಳಹೊಕ್ಕವರನ್ನು ಬಡಿದುಹಾಕಲು ನಮ್ಮ ರಕ್ತದಲ್ಲಿಯೂ ಓಬವ್ವನಂಥ ಬಿಳಿಯ ಕಣಗಳುಂಟು. ಅವು ಹೋರಾಡಿ ಸತ್ತು ಬಿದ್ದುದೇ ಕೀವಿನ ಬಹುಭಾಗ.

ಹೀಗೆ ನುಗ್ಗುವವರಲ್ಲಿ ಇಬ್ಬರು ಮುಖ್ಯರು. 1880ರ ಸುಮಾರಿಗೆ ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಎಂಬಾತನು ಬಾವುಗಳ ಕೀವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ದ್ರಾಕ್ಷಿಯ ಗೊಂಚಲಿನಂತೆ ಗುಂಪುಗೂಡಿದ ಗುಂಡು ಜೀವಿಗಳು ಕಂಡವು. ಗ್ರೀಕ್ ಭಾಷೆಯಲ್ಲಿ ಗೊಂಚಲಿಗಿರುವ ಹೆಸರಿನಿಂದಲೇ ಅವಕ್ಕೆ ಸ್ಟ್ಯಾಫಿಲೊಕಾಕಸ್ ಎಂದು ನಾಮಕರಣವಾಯಿತು. ಸರಮಾಲೆಯಂತೆ ಸಾಲಾಗಿ ನಿಲ್ಲುವ ಎರಡನೆಯದಕ್ಕೆ ಸ್ಟ್ರೆಪ್ಟೊಕಾಕಸ್ ಎಂದು ಹೆಸರು. ಇದನ್ನು ಬಿಲ್ರೋತ್ ಎಂಬ ಪಂಡಿತನು 1874ರಲ್ಲಿಯೇ ವರ್ಣಿಸಿದ್ದನು. ಇವು ಎಲ್ಲಿಯೋ ಕೊಳೆಗುಂಡಿಯಲ್ಲಿ ಮಾತ್ರವಿರುವುವೆಂದು ಭಾವಿಸಬಾರದು. ಆರೋಗ್ಯವಂತರಾದ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರ ಮೂಗಿನ ಹೊಳ್ಳೆಯಲ್ಲಿ ಗೊಂಚಲು ಜೀವಿಯು ಸದ್ದಿಲ್ಲದೆ ವಾಸಮಾಡಿಕೊಂಡಿರುವುದು. ಮೂಗಿನಲ್ಲಿ ಆಡಿದ ಬೆರಳೇ ಗಾಯವನ್ನು ಕೆರೆಯುವುದು. ಉಳಿದುದನ್ನು ವಾಚಕರು ತಾವೇ ಊಹಿಸಬಹುದು.

ಮಕ್ಕಳಲ್ಲಿ ಅತ್ಯಂತ ಸಾಧಾರಣವಾದುದು ವೈದ್ಯರು ಇಂಪೆಟೈಗೊ ಎಂದು ಕರೆಯುವ ಹುಣ್ಣು. ಬಾಯಿಯ ಅಂಚಿನಲ್ಲಿ, ಮೂಗಿನ ಕೆಳಗೆ, ಕೈಕಾಲುಗಳ ಮೇಲೆ ಸಣ್ಣ ನೀರುಗುಳ್ಳೆಯೆದ್ದು, ಒಡೆದು, ಜೇನುತುಪ್ಪ ಒಣಗಿದಂತೆ ಹಳದಿಯ ಹಕ್ಕಳೆ ಕಟ್ಟುವುದೇ ಇದರ ಗುರುತು. ಒಬ್ಬನ ಹುಣ್ಣಿನ ರಸಿಕೆ ತಗುಲಿ ಮತ್ತೊಬ್ಬನಿಗೆ ಬರುವುದು. ಒಂದೇ ಹಲಗೆಯ ಮೇಲೆ ಒತ್ತಿ ಕುಳಿತ ಮಕ್ಕಳಲ್ಲಿ ಸೋಮವಾರ ಒಬ್ಬನಿಗಿದ್ದುದು ಮುಂದಿನ ಸೋಮವಾರಕ್ಕೆ ಐವರಿಗಾದುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ತುರಿಕಜ್ಜಿಯಿರುವ ಮನೆಗಳಲ್ಲಂತೂ ಹೇಳತೀರದು. ಕಜ್ಜಿಯು ಬರುವುದು ಚರ್ಮವನ್ನು ಕೊರೆಯುವ ಒಂದು ಅತಿಸೂಕ್ಷ್ಮವಾದ ನುಸಿಯಿಂದ. ರಾತ್ರಿಯೆಲ್ಲ ಕೆರೆದ ಉಗುರು ಸಾವಿರ ಕಿಂಡಿಗಳನ್ನು ತೆರೆಯಲು, ಮೇಲಿನಿಂದ ಕೀವಿನ ಜೀವಿಗಳು ಬಂದು ಸೇರುವುವು. ಆಗ ಹುಣ್ಣಿಗೆ ಮಾತ್ರ ಔಷಧಿ ಹಚ್ಚಿ ನುಸಿಯನ್ನು ಬಿಟ್ಟರೆ ಪ್ರಯೋಜನವಿಲ್ಲ. ಮನೆಯವರೆಲ್ಲರೂ, ತುರಿಕೆಯಿಲ್ಲದವರು ಸಹ, ಒಂದೇ ರಾತ್ರಿ ವೈದ್ಯರು ಹೇಳಿದ ಲೇಪವನ್ನು ಮೈತುಂಬ ಹಚ್ಚಿಕೊಂಡು ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಇದನ್ನು ಒಪ್ಪಿಸುವುದರಲ್ಲಿ ಮನೆಯ ಯಜಮಾನರೇ ಕಷ್ಟ. “ನಮಗೇನೂ ತುರಿಕೆಯಿಲ್ಲವಲ್ಲ” ಎಂದು ತಪ್ಪಿಸಿಕೊಳ್ಳುವರು!

ನಮ್ಮ ಸೀಮೆಯಲ್ಲಿ ಇದು ಬೇರೂರಲು ನೀರಿನ ಅಭಾವವೂ ಒಂದು ಕಾರಣವೆಂದು ನಮ್ಮ ಎಣಿಕೆ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದುದಾದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಆ ನಡುವಣ ಎಂಬತ್ತೊಂಬತ್ತು ವರ್ಷಗಳೇ ಈ ನಾಡಿನ ಮಳೆಯ ಲೆಕ್ಕವನ್ನು ಹೇಳುವುವು. ಬಿಂದಿಗೆಗಳ ಸಾಲಿನಲ್ಲಿ ಅರ್ಧ ದಿನ ಕಾದು ತಂದ ನೀರಿನಲ್ಲಿ ಮೊದಲು ಅಡಿಗೆ, ಆಮೇಲೆ ದನಕರು, ಉಳಿದರೆ ಮಕ್ಕಳ ಸ್ನಾನ. ಅಂಥ ಬೇಸಿಗೆಗಳಲ್ಲಿ ತಾಯಂದಿರನ್ನು ಅಶುಚಿಯೆಂದು ದೂರುವುದು ನ್ಯಾಯವಲ್ಲ. ಆದರೆ ಸ್ನಾನಕ್ಕೆ ನೀರಿಲ್ಲದ ದಿನವೂ ಒಂದು ಚೊಂಬು ನೀರು, ಒಂದು ತುಂಡು ಸಾಬೂನಿನಿಂದ ಹುಣ್ಣಿನ ಜಾಗವನ್ನೂ ಕೈಗಳನ್ನೂ ತೊಳೆಯುವುದು ಸಾಧ್ಯವೇ.

ಈ ಹುಣ್ಣು ಚರ್ಮದಲ್ಲಿಯೇ ಮುಗಿಯುವುದಾದರೆ ನಾವು ಇಷ್ಟು ದೀರ್ಘವಾಗಿ ಬರೆಯುತ್ತಿರಲಿಲ್ಲ. ಹೊಸದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ನಾವಿದ್ದಾಗ ಐದನೆಯ ತರಗತಿಯ ಒಬ್ಬ ಬಾಲಕನಿಗೆ ಕಾಲಿನ ತುಂಬ ಇಂಥ ಹುಣ್ಣುಗಳಿದ್ದವು. ತಿಂಗಳೊಪ್ಪತ್ತಿನಲ್ಲಿ ಅವು ಒಣಗುತ್ತ ಬಂದುವೆಂದು ಮನೆಯವರು ನೆಮ್ಮದಿಗೊಂಡಿದ್ದರು. ಒಂದು ಬೆಳಗ್ಗೆ ಅವನು ಶಾಲೆಗೆ ಬಂದಾಗ ಕಣ್ಣಿನ ರೆಪ್ಪೆಗಳು ಊದಿದ್ದವು, ಮುಖ ದಪ್ಪಗಾಗಿತ್ತು. ನಿದ್ರೆ ಹೆಚ್ಚಾಯಿತೇನೋ ಎಂದು ಜೊತೆಯವರು ನಕ್ಕರು. ಮಧ್ಯಾಹ್ನ ಅವನೇ ನಾಚುತ್ತ ನಮ್ಮ ಬಳಿ ಬಂದು, ಮೂತ್ರವು ಕಾಫಿಯ ಡಿಕಾಕ್ಷನ್ನಿನಂತೆ ಹೋಗುತ್ತಿದೆಯೆಂದು ತಿಳಿಸಿದನು. ಆ ದಿನವೇ ಅವನ ತಂದೆಯನ್ನು ಕರೆಸಿ ಆಸ್ಪತ್ರೆಗೆ ಕಳುಹಿಸಿದೆವು. ಮೂತ್ರದಲ್ಲಿ ರಕ್ತವಿತ್ತು, ರಕ್ತದೊತ್ತಡವು ಏರಿತ್ತು. ಸರಮಾಲೆ ಜೀವಿಯೊಡನೆ ದೇಹವು ಕಾದಾಡಿದುದರ ಪರಿಣಾಮವಾಗಿ, ಹುಣ್ಣಾದ ಮೂರರಿಂದ ಆರು ವಾರಗಳೊಳಗೆ ಮೂತ್ರಪಿಂಡಗಳಿಗೆ ಹೀಗೆ ಉರಿಯೂತವುಂಟಾಗುವುದೆಂದು ವೈದ್ಯರು ವಿವರಿಸಿದರು. ಹತ್ತು ದಿನ ಆಸ್ಪತ್ರೆಯಲ್ಲಿದ್ದು, ಉಪ್ಪಿಲ್ಲದ ಅನ್ನವುಂಡು, ಹುಡುಗನು ಗುಣವಾಗಿ ಬಂದನು. ಮಕ್ಕಳಲ್ಲಿ ಬಹುಮಂದಿ ಹೀಗೆಯೇ ಗುಣಹೊಂದುವರು. ಆದರೆ ಎಲ್ಲರೂ ಅಲ್ಲ. ಹುಣ್ಣಿಗೆ ಬೇಗ ಔಷಧಿ ಮಾಡಿದರೆ ಆ ಮಗುವಿಗೆ ಮೂತ್ರಪಿಂಡದ ಬೇನೆ ತಪ್ಪಿಯೇ ತಪ್ಪುವುದೆಂದು ಖಂಡಿತವಾಗಿ ಹೇಳಲಾಗದು. ಅದರಿಂದ ಅಕ್ಕಪಕ್ಕದ ಮಕ್ಕಳಿಗೆ ಹರಡುವುದು ನಿಲ್ಲುವುದು. ಒಂದು ಮಗುವಿನ ಹುಣ್ಣನ್ನು ಗುಣಪಡಿಸಿದವರು ಹತ್ತು ಮಕ್ಕಳ ಮೂತ್ರಪಿಂಡಗಳನ್ನು ಕಾದಂತೆ. ಹುಣ್ಣಾಗಿದ್ದ ಮಗುವಿನ ಮುಖ ಊದಿದರೂ, ಮೂತ್ರದ ಬಣ್ಣ ಕೆಟ್ಟರೂ, ಮರುದಿನಕ್ಕೆಂದು ತಡೆಯಕೂಡದು.

ಇನ್ನು ಕುರು. ಕೂದಲಿನ ಬುಡದಲ್ಲಿ ಗೊಂಚಲು ಜೀವಿಯು ಸೇರಿ ಕೆಂಪಗೆ ಗಂಟಾಗಿ, ನೋವೆದ್ದು, ನಡುವೆ ಕೀವಿನ ಮುಖ ಬಿಡುವುದು ಎಲ್ಲರೂ ಬಲ್ಲ ಸಂಗತಿ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹದಿನೇಳನೆಯ ಅಧ್ಯಾಯವು ಇದಕ್ಕೇ ಮೀಸಲು. ಬಾವು ಆಮವೋ, ಪಚ್ಯಮಾನವೋ, ಪಕ್ವವೋ ಎಂಬುದನ್ನು ಬಣ್ಣ, ಬಿಸಿ, ನೋವು, ಮೃದುತ್ವಗಳಿಂದ ಕಂಡುಹಿಡಿಯುವ ಬಗೆಯನ್ನು ಅಲ್ಲಿ ಹೇಳಿದೆ. ಹಣ್ಣಾಗದುದನ್ನು ಕೊಯ್ಯುವವನನ್ನೂ, ಹಣ್ಣಾದುದನ್ನು ಕೊಯ್ಯದೆ ಉಪೇಕ್ಷಿಸುವವನನ್ನೂ ಆ ಆಚಾರ್ಯನು ಸಮಾನವಾಗಿ ನಿಂದಿಸುವನು. ಇಂದಿನ ಶಸ್ತ್ರವೈದ್ಯರನ್ನು ಕೇಳಿದರೂ ಇದೇ ಮಾತು: ಕೀವು ಕೂಡಿದ ಬಾವಿಗೆ ಮಾತ್ರೆಯೊಂದರಿಂದಲೇ ಗುಣವಿಲ್ಲ, ಕೊಯ್ದು ಹೊರಗೆ ಬಿಡಬೇಕು. ನಮ್ಮ ಜನರು ಈ ಸೂತ್ರದ ಮೊದಲರ್ಧವನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡಿದ್ದಾರೆ. “ಇನ್ನೂ ಹಣ್ಣಾಗಲಿ” ಎಂದು ಕಾಯುತ್ತ ಕಾಯುತ್ತ ಎರಡನೆಯರ್ಧವನ್ನು ಮರೆಯುವರು.

ಸಣ್ಣ ಕುರುವಿಗೆ ಬಿಸಿನೀರಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯಿಂದ ದಿನಕ್ಕೆ ಮೂರು ನಾಲ್ಕು ಸಲ ಶಾಖ ಕೊಟ್ಟರೆ ತಾನಾಗಿ ಒಡೆದು ಒಣಗುವುದುಂಟು. ಹಿಸುಕುವುದು ಮಾತ್ರ ಸರ್ವಥಾ ಕೂಡದು. ಅದರಲ್ಲಿಯೂ ಮೂಗಿನ ಮೇಲೆ, ಮೂಗಿನ ಬದಿಯಲ್ಲಿ, ಮೇಲ್ದುಟಿಯಲ್ಲಿ ಎದ್ದುದನ್ನು ಕನ್ನಡಿಯ ಮುಂದೆ ನಿಂತು ಉಗುರಿನಿಂದ ಒತ್ತುವ ಯುವಕರು ಒಂದು ವಿಷಯವನ್ನು ತಿಳಿದಿರಬೇಕು. ಆ ಭಾಗದ ಸಿರೆಗಳಿಗೆ ಕಣ್ಣಿನ ಹಿಂದಣ ಹಾದಿಯಿಂದ ಮಿದುಳಿನ ಬುಡದ ರಕ್ತನಾಳಗಳೊಡನೆ ಸಂಬಂಧವುಂಟು. ಒತ್ತಿದ ಕೀವು ಆ ಹಾದಿ ಹಿಡಿಯುವುದು ವಿರಳವಾದರೂ, ಹಿಡಿದರೆ ಪ್ರಾಣಾಪಾಯವೇ ಸರಿ.

ಕುರುವಿಗೆ ಒಂದು ಎಲ್ಲೆಯಿದೆ; ಎಲ್ಲೆಯಿಲ್ಲದೆ ಹರಿಯುವ ಉರಿಯೂತವೊಂದುಂಟು. ಸಂಸ್ಕೃತದಲ್ಲಿ ವಿಸರ್ಪವೆಂಬ ಹೆಸರೇ ಅದರ ನಡೆಯನ್ನು ಹೇಳುವುದು, ಹರಿದಾಡುವುದೆಂದು ಅರ್ಥ. ಚರ್ಮದ ಅಡಿಯ ಪದರಕ್ಕೆ ಇಳಿದುದನ್ನು ಇಂದಿನವರು ಸೆಲ್ಯುಲೈಟಿಸ್ ಎನ್ನುವರು. ಹಿರಿಯೂರಿನ ಬೀಳುಗಳಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿಯನ್ನು ತೂರಿ ಅಂಗಾಲಿಗೆ ಇಳಿಯುವುದು ನಿತ್ಯದ ಮಾತು. ಮುಳ್ಳನ್ನು ಕಿತ್ತು, ಆ ಜಾಗಕ್ಕೆ ಉಗುಳು ಸವರಿ, ಕುರಿಯ ಹಿಂದೆಯೋ ನೇಗಿಲ ಹಿಂದೆಯೋ ನಡೆದುಬಿಡುವರು. ಹೊಳಲ್ಕೆರೆಯ ಕಡೆ ಅಡಕೆ ಸುಲಿಯುವ ಹೆಂಗಸರ ಬೆರಳಿಗೆ ಕತ್ತಿ ತಗುಲುವುದೂ ಹೀಗೆಯೇ. ಎರಡು ಮೂರು ದಿನಗಳಲ್ಲಿ ಪಾದವೋ ಮುಂಗೈಯೋ ಕೆಂಪೇರಿ, ಬಿಸಿಯಾಗಿ, ಹೊಳೆಯುವಂತೆ ಊದಿಕೊಳ್ಳುವುದು; ಚಳಿಜ್ವರ ಬರುವುದು; ತೊಡೆಸಂದಿಯಲ್ಲಿಯೋ ಕಂಕುಳಲ್ಲಿಯೋ ಗಡ್ಡೆ ಏಳುವುದು. ಈ ಹಂತದಲ್ಲಿ ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಮಲಗಿ, ವೈದ್ಯರು ಕೊಟ್ಟ ಜೀವಿನಾಶಕ ಔಷಧಿಯನ್ನು ತೆಗೆದುಕೊಂಡರೆ ಸಾಧಾರಣವಾಗಿ ವಾರದೊಳಗೆ ಇಳಿಯುವುದು. ಬಿಟ್ಟರೆ ವಿಷವು ರಕ್ತಕ್ಕೇರುವುದು. ಇದರಲ್ಲಿಯೇ ಅತಿ ಕ್ರೂರವಾದ ಒಂದು ಬಗೆಯಲ್ಲಿ ಮಾಂಸದ ಮೇಲಣ ಪೊರೆಯೇ ಗಂಟೆಗಂಟೆಗೂ ಕೊಳೆಯುತ್ತ ಹೋಗುವುದು. ಮೇಲೆ ಕಾಣುವ ಕೆಂಪು ಅಲ್ಪವಾಗಿದ್ದು ನೋವು ಮಾತ್ರ ತಡೆಯಲಾರದಷ್ಟು ಇರುವುದೇ ಅದರ ಮೊದಲ ಸೂಚನೆ. ಮುಳ್ಳು ಚುಚ್ಚಿದವರು ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವನ್ನೂ ಅಂದೇ ವಿಚಾರಿಸಿಕೊಳ್ಳಬೇಕು.

ಮಧುಮೇಹಿಗಳಿಗೆ ಇದೆಲ್ಲವೂ ಇಮ್ಮಡಿ. ಪ್ರಮೇಹವಿದ್ದವರಿಗೆ ಏಳುವ ಕುರುಗಳನ್ನು ಪ್ರಮೇಹಪಿಡಕೆಗಳೆಂದು ಕರೆದು ಚರಕನು ಏಳು ಬಗೆಗಳನ್ನೂ ಸುಶ್ರುತನು ಹತ್ತು ಬಗೆಗಳನ್ನೂ ಎಣಿಸಿದ್ದಾರೆ. ಸಕ್ಕರೆಗೂ ಕೀವಿಗೂ ಇರುವ ನಂಟು ಪ್ರಾಚೀನರಿಗೆ ಅಷ್ಟು ಸ್ಪಷ್ಟವಾಗಿ ತಿಳಿದಿತ್ತು. ನಾವು ಹೊಳಲ್ಕೆರೆಯಲ್ಲಿದ್ದಾಗ ನೆರೆಮನೆಯ ಅಡಕೆ ತೋಟದ ಯಜಮಾನರೊಬ್ಬರಿಗೆ, ಐವತ್ತೈದರ ಸುಮಾರಿನವರು, ಕತ್ತಿನ ಹಿಂಭಾಗದಲ್ಲಿ ಬೆನ್ನುಫಣಿಯೆದ್ದಿತು. ಹಲವು ಕುರುಗಳು ಒಂದಾಗಿ ಬೆಸೆದು, ಜರಡಿಯಂತೆ ಹಲವು ಬಾಯಿಗಳಿಂದ ಕೀವು ಬಿಡುವ ದೊಡ್ಡ ಕುರುವಿದು. ಎಂಟು ದಿನ ಸುಣ್ಣ-ಬೆಲ್ಲದ ಪಟ್ಟು ಹಾಕಿದರು. ಕೊಯ್ಲಿನ ಕಾಲ, ಆಳುಗಳನ್ನು ಬಿಟ್ಟು ಪೇಟೆಗೆ ಹೋಗಲು ಅವರಿಗೆ ಮನಸ್ಸಿಲ್ಲ. ಅವರ ಮಡದಿ ನಮ್ಮ ಮನೆಯಾಕೆಯೊಡನೆ, “ರಾತ್ರಿಯೆಲ್ಲಾ ನೀರು ಕುಡೀತಾರೆ ಅಕ್ಕ, ಜ್ವರದ ತಾಪ ಇರಬೇಕು” ಎಂದಿದ್ದರು. ಅದು ಜ್ವರದ ತಾಪವೊಂದೇ ಆಗಿರಲಿಲ್ಲ. ಒಂಬತ್ತನೆಯ ದಿನ ಪ್ರಜ್ಞೆ ತಪ್ಪಿದ ಮೇಲೆ ಗಾಡಿಯಲ್ಲಿ ಮಲಗಿಸಿಕೊಂಡು ಹೋದರು. ಅವರಿಗೆ ಮಧುಮೇಹವಿತ್ತೆಂಬುದು ಮನೆಯವರಿಗೆ ಗೊತ್ತಾದುದು ಅಂದೇ. ಮೂರನೆಯ ದಿನ ಅವರು ತೀರಿಕೊಂಡರು. ಒಂದಾದ ಮೇಲೊಂದು ಕುರು ಏಳುವವರೂ, ಕಾಲಿನ ಹುಣ್ಣು ಬೇಗನೆ ಮಾಯದವರೂ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವುದಕ್ಕೆ ಮತ್ತೊಂದು ಕಾರಣ ಬೇಕಿಲ್ಲ. ಸಕ್ಕರೆಯುಳ್ಳವರು ದಿನವೂ ರಾತ್ರಿ ಅಂಗಾಲನ್ನೂ ಬೆರಳಸಂದಿಗಳನ್ನೂ ದೀಪದ ಬೆಳಕಿನಲ್ಲಿ ನೋಡಿಕೊಳ್ಳತಕ್ಕದ್ದು. ಅನೇಕರಿಗೆ ಕಾಲಿನಲ್ಲಿ ಸ್ಪರ್ಶ ಕುಂದಿ ಗಾಯವಾದುದೇ ತಿಳಿಯುವುದಿಲ್ಲ.

ಕುರಿ ಸಾಕುವವರು ಹೆಚ್ಚಾಗಿರುವ ನಮ್ಮ ಜಿಲ್ಲೆಯಲ್ಲಿ ನೆರಡಿ ರೋಗದ ವಿಷಯವಾಗಿಯೂ ಒಂದು ಮಾತು. ಇಂಗ್ಲಿಷಿನಲ್ಲಿ ಆಂತ್ರಾಕ್ಸ್ ಎನ್ನುವ ಇದರ ಜೀವಿಯೇ ಕಾರಣವೆಂಬುದನ್ನು 1876ರಲ್ಲಿ ಜರ್ಮನಿಯ ರಾಬರ್ಟ್ ಕೋಖ್ ಸಿದ್ಧಪಡಿಸಿದನು. ಹಠಾತ್ತಾಗಿ ಸತ್ತ ಕುರಿಯ ಚರ್ಮ ಸುಲಿದವರ, ಮಾಂಸ ಕೊಯ್ದವರ ಕೈಮೇಲೆ ಗುಳ್ಳೆಯೆದ್ದು, ಒಡೆದು, ನಡುವೆ ಇದ್ದಲಿನಂತೆ ಕಪ್ಪು ಹಕ್ಕಳೆ ಕಟ್ಟುವುದು, ಸುತ್ತಲೂ ಊತ. ವಿಚಿತ್ರವೇನೆಂದರೆ ನೋವಿರುವುದಿಲ್ಲ, ಆದಕಾರಣ ಯಾರೂ ಲಕ್ಷ್ಯಮಾಡುವುದಿಲ್ಲ. ಬೇಗನೆ ಔಷಧಿ ಮಾಡಿದರೆ ಸುಲಭವಾಗಿ ಗುಣವಾಗುವ ಬೇನೆ, ಉಪೇಕ್ಷಿಸಿದರೆ ಕೊಲ್ಲುವುದು. ಸತ್ತ ಕುರಿಯನ್ನು ಕೊಯ್ಯದೆ ಪಶುವೈದ್ಯರಿಗೆ ತಿಳಿಸಿ ಆಳವಾಗಿ ಹೂಳಬೇಕು. ಕುರಿಗಳಿಗೆ ಹಾಕುವ ಲಸಿಕೆಯನ್ನು ಬೆಂಗಳೂರಿನ ಹೆಬ್ಬಾಳದಲ್ಲಿ, 1925ರಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಎಂದು ಆರಂಭವಾದ ಸಂಸ್ಥೆಯೇ ತಯಾರಿಸುತ್ತ ಬಂದಿದೆ.

ಚರ್ಮದ ಬೇನೆಯನ್ನು ಮುಚ್ಚಿಡುವುದಕ್ಕೆ ಉದಾಸೀನವಲ್ಲದೆ ನಾಚಿಕೆಯೂ ಕಾರಣ. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಕುಷ್ಠವೆಂಬ ಶಬ್ದಕ್ಕೆ ಹದಿನೆಂಟು ಬಗೆಯ ಚರ್ಮವ್ಯಾಧಿಗಳು ಸೇರುತ್ತವೆ. ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ. ಅವುಗಳಲ್ಲಿ ಗಜಕರ್ಣದಂಥ ಅಲ್ಪ ಬೇನೆಗಳೂ ಇವೆ. ಲೋಕರೂಢಿಯಲ್ಲಿ ಆ ಶಬ್ದವು ಒಂದೇ ರೋಗಕ್ಕೆ ನಿಂತುಹೋದುದರಿಂದ, ಮೈಮೇಲೆ ಮಚ್ಚೆಯೆದ್ದ ಮಗಳನ್ನು ಮದುವೆಯಾಗುವವರೆಗೂ ವೈದ್ಯರಿಗೆ ತೋರಿಸದ ತಂದೆತಾಯಿಗಳುಂಟು. ಆ ಒಂದು ರೋಗಕ್ಕೂ ಸೂಕ್ಷ್ಮಜೀವಿಯೇ ಕಾರಣವೆಂದು ನಾರ್ವೆಯ ಹಾನ್ಸೆನ್ 1873ರಲ್ಲಿ ಕಂಡುಹಿಡಿದನು. ಸ್ಪರ್ಶಜ್ಞಾನವಿಲ್ಲದ ಮಂಕಾದ ಮಚ್ಚೆ ಅದರ ಗುರುತು. ಆರು ತಿಂಗಳೋ ಹನ್ನೆರಡು ತಿಂಗಳೋ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಮಾತ್ರೆಗಳಿಂದ ಪೂರ್ಣವಾಗಿ ಗುಣವಾಗುವುದು. ತಡಮಾಡಿದರೆ ಮಾತ್ರ ಬೆರಳುಗಳು ಮುರುಟುವುವು. ಆ ಮುರುಟಿದ ಬೆರಳು ಯಾವ ಮಾತ್ರೆಯಿಂದಲೂ ಹಿಂದಿನಂತಾಗದು.

ಔಷಧಿಯ ಮಾತು ಬಂದುದರಿಂದ ಒಂದು ಕಥೆಯನ್ನು ಹೇಳುವೆವು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ನಲವತ್ತಮೂರು ವಯಸ್ಸಿನ ಪೊಲೀಸಿನವನಿಗೆ ಬಾಯಿಯ ಮೂಲೆಯಲ್ಲಿ ಒಂದು ಸಣ್ಣ ಹುಣ್ಣಾಗಿತ್ತು. ಅದರಿಂದ ಕೀವು ಮುಖಕ್ಕೂ ತಲೆಗೂ ಶ್ವಾಸಕೋಶಕ್ಕೂ ಹರಡಿತು. ಒಂದು ಕಣ್ಣನ್ನು ತೆಗೆಯಬೇಕಾಯಿತು. ಫ್ಲೆಮಿಂಗನು 1928ರಲ್ಲಿ ಬೂಷ್ಟಿನಲ್ಲಿ ಕಂಡ ಪೆನಿಸಿಲಿನ್ನನ್ನು ಫ್ಲೋರಿ, ಚೈನ್ ಮೊದಲಾದವರು ಆಗತಾನೇ ಶುದ್ಧಿಮಾಡಿದ್ದರು. 1941ರ ಫೆಬ್ರವರಿ 12ರಂದು ಅವನಿಗೆ ಅದನ್ನು ಕೊಡತೊಡಗಲು ಕೆಲವೇ ದಿನಗಳಲ್ಲಿ ಜ್ವರವಿಳಿಯಿತು, ಹಸಿವಾಯಿತು. ಆದರೆ ಇದ್ದ ಔಷಧಿಯೇ ಅಷ್ಟು. ಅವನ ಮೂತ್ರದಿಂದ ಅದನ್ನು ಮರಳಿ ಬೇರ್ಪಡಿಸಿ ಮತ್ತೆ ಕೊಟ್ಟರೂ ಸಾಲದೆ, ಮಾರ್ಚಿ 15ರಂದು ಅವನು ಮಡಿದನು. 1954ರಲ್ಲಿ ನಮ್ಮ ದೇಶದಲ್ಲಿಯೇ ಪುಣೆಯ ಬಳಿಯ ಪಿಂಪರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆ ಸ್ಥಾಪಿತವಾಯಿತು. ಅಂದು ಆಕ್ಸ್‌ಫರ್ಡಿನಲ್ಲಿ ಸಾಲದಾದ ಔಷಧಿಯು ಇಂದು ಹೊಸದುರ್ಗದ ಸಂತೆಬೀದಿಯ ಅಂಗಡಿಯಲ್ಲಿಯೂ ಸಿಕ್ಕುವುದು.

ಹೀಗೆ ಸುಲಭವಾಗಿ ಸಿಕ್ಕುವುದೇ ಈಗಿನ ತೊಡಕು. ವೈದ್ಯರು ಐದು ದಿನವೋ ಏಳು ದಿನವೋ ಹೇಳಿದ ಮಾತ್ರೆಯನ್ನು ಎರಡನೆಯ ದಿನಕ್ಕೆ ನಿಲ್ಲಿಸಿ, ಉಳಿದುದನ್ನು ಮುಂದಿನ ಸಲಕ್ಕೆಂದು ಗೂಡಿನಲ್ಲಿಡುವುದು ಮಿತವ್ಯಯವಲ್ಲ. ಮಾತ್ರೆಗಳನ್ನು ಹೀಗೆ ಬೇಕಾಬಿಟ್ಟಿಯಾಗಿ ನುಂಗಿದಷ್ಟೂ ಔಷಧಿಗೆ ಬಗ್ಗದ ಜೀವಿಗಳೇ ಉಳಿದು ಬೆಳೆಯುವುವು. ಮೆಥಿಸಿಲಿನ್ ಎಂಬ ಹೊಸ ಔಷಧಿಗೂ ಜಗ್ಗದ ಗೊಂಚಲು ಜೀವಿಯು 1961ರಷ್ಟು ಹಿಂದೆಯೇ ಬ್ರಿಟನ್ನಿನಲ್ಲಿ ಕಾಣಿಸಿಕೊಂಡಿತು. ಇದಕ್ಕಿಂತಲೂ ನಮಗೆ ಭಯವೆನಿಸುವುದು ಅಂಗಡಿಯವರು ಕೈಗೆ ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು. ಹಚ್ಚಿದ ಮರುದಿನವೇ ಕೆಂಪು ಇಳಿದು ತುರಿಕೆ ನಿಲ್ಲುವುದರಿಂದ ಇದಕ್ಕೆ ಬಹಳ ಕೀರ್ತಿ. ಅದು ಇಳಿಸುವುದು ದೇಹದ ಹೋರಾಟವನ್ನು, ಜೀವಿಗಳನ್ನಲ್ಲ. 2018ರಲ್ಲಿ ಕೇಂದ್ರ ಸರ್ಕಾರವು ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿದೆ. ವಿಧಿಯನ್ನು ಕೇಳುವವರು ಎಷ್ಟು ಮಂದಿಯೋ!

ಮನೆಮದ್ದಿನ ಬಗ್ಗೆ ನಮಗೆ ತಿರಸ್ಕಾರವಿಲ್ಲ. ಬೇವಿನ ಎಲೆ ಹಾಕಿ ಕಾಯಿಸಿದ ನೀರಿನಿಂದ ತೊಳೆಯುವುದರಲ್ಲಿ ಕೇಡೇನೂ ಕಾಣೆವು. ಆದರೆ ಸಗಣಿ, ಬೂದಿ, ನಶ್ಯ, ಕಾಫಿಪುಡಿ, ಬೀಡಿಯ ಹೊಗೆಸೊಪ್ಪು ಇವುಗಳನ್ನು ತೆರೆದ ಗಾಯಕ್ಕೆ ಮೆತ್ತುವುದು ಶತ್ರುವಿಗೆ ಕಿಂಡಿಯಲ್ಲಿ ಏಣಿಯಿಟ್ಟಂತೆ; ಸಗಣಿ ಮಣ್ಣುಗಳಲ್ಲಿ ಧನುರ್ವಾಯುವಿನ ಬೀಜಗಳೇ ಇರುವುವು. ಸೀತಾಳೆ ಸಿಡುಬಿನ ಮಕ್ಕಳಿಗೆ ‘ಅಮ್ಮ’ ಬಂದಿದ್ದಾಳೆಂದು ಹದಿನೈದು ದಿನ ಮೈ ತೊಳೆಯದಿರುವ ಪದ್ಧತಿಯಲ್ಲಿ, ಕೆರೆದ ಗುಳ್ಳೆಗಳೆಲ್ಲ ಕೀವಾಗುವುದನ್ನು ಕಂಡಿದ್ದೇವೆ. ಬೇವಿನ ಸೊಪ್ಪನ್ನು ಬಾಗಿಲಿಗೆ ಕಟ್ಟಿದರೆ ಯಾರೂ ಬೇಡವೆನ್ನರು. ಉಗುರು ಕತ್ತರಿಸಿ, ಉಗುರುಬೆಚ್ಚಗಿನ ನೀರಿನಿಂದ ಮೈ ತೊಳೆದರೆ ಯಾವ ತಾಯಿಯೂ ಮುನಿಯಳು.

ಗೃಹಿಣಿಯರು ಮಾಡಬಹುದಾದುದು ಇಷ್ಟೆ. ಹುಣ್ಣಿರುವವರ ವಸ್ತ್ರ, ಟವೆಲು, ಹೊದಿಕೆಗಳನ್ನು ಬೇರೆಯಿಟ್ಟು, ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರಡುವುದು. ಹುಣ್ಣನ್ನು ಸಾಬೂನಿನಿಂದ ಮೃದುವಾಗಿ ತೊಳೆದು ಶುಭ್ರವಾದ ಬಟ್ಟೆಯಿಂದ ಸಡಿಲವಾಗಿ ಮುಚ್ಚುವುದು. ಮುಟ್ಟಿದ ಮೇಲೆ ಕೈ ತೊಳೆಯುವುದು. ಒಟ್ಟಿಗೆ ಮಲಗುವುದು, ಒಬ್ಬರ ಬಟ್ಟೆಯನ್ನು ಇನ್ನೊಬ್ಬರು ಉಡುವುದು, ಮೈ ತಾಗುವುದು ಮೊದಲಾದುವುಗಳಿಂದ ರೋಗಗಳು ಒಬ್ಬರಿಂದೊಬ್ಬರಿಗೆ ದಾಟುವುವೆಂದು ಸುಶ್ರುತನು ನಿದಾನಸ್ಥಾನದಲ್ಲಿ ಹೇಳಿರುವುದನ್ನು ಹಳೆಯ ಕಾಲದ ಅಜ್ಜಿಯರಿಗೆ ತಿಳಿಸಿದರೆ ಕೂಡಲೆ ಒಪ್ಪುವರು. ಇದು ನಮ್ಮ ಅನುಭವ.

ಎರಡು ದಿನಗಳಲ್ಲಿ ಇಳಿಮುಖವಾಗದ ಹುಣ್ಣನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಬೇಕು. ಹಸುಗೂಸು, ಮಧುಮೇಹಿ, ಬಾಣಂತಿ ಇವರ ವಿಷಯದಲ್ಲಿ ಎರಡು ದಿನವೂ ಕಾಯುವಂತಿಲ್ಲ. ಜ್ವರ, ಕಣ್ಣಿನ ಸುತ್ತ ಊತ, ಗಾಯದಿಂದ ಮೇಲಕ್ಕೆ ಹರಿಯುವ ಕೆಂಪು ಗೆರೆ, ಚರ್ಮ ಕಪ್ಪಾಗುವುದು, ತಡೆಯಲಾರದ ನೋವು, ಮಂಪರು ಇವುಗಳಲ್ಲಿ ಒಂದು ಕಂಡರೂ ನೇರವಾಗಿ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಕೆಂಪು ಹರಡುತ್ತಿದೆಯೋ ಇಲ್ಲವೋ ಎಂಬ ಸಂಶಯವಿದ್ದವರಿಗೆ ವೈದ್ಯರೊಬ್ಬರು ಹೇಳಿಕೊಟ್ಟ ಉಪಾಯವೊಂದಿದೆ: ಕೆಂಪಿನ ಅಂಚಿನ ಗುಂಟ ಮಕ್ಕಳ ಬಾಲ್ ಪೆನ್ನಿನಿಂದ ಗೆರೆಯೆಳೆದು ಪಕ್ಕದಲ್ಲಿ ಗಂಟೆಯನ್ನು ಬರೆದಿಡುವುದು. ನಾಲ್ಕಾರು ಗಂಟೆಗಳ ಮೇಲೆ ನೋಡಿದಾಗ ಕೆಂಪು ಆ ಗೆರೆಯನ್ನು ದಾಟಿದ್ದರೆ, ರಾತ್ರಿಯಾಗಿದ್ದರೂ ಸರಿಯೆ, ಬೆಳಗಾಗಲೆಂದು ಕೂರದೆ 108ಕ್ಕೆ ಕರೆಮಾಡಿ ಹೊರಡತಕ್ಕದ್ದು. ಗೆರೆಯನ್ನು ಅಳಿಸಬಾರದು; ಅದನ್ನು ವೈದ್ಯರು ನೋಡಬೇಕು.